ಸದ್ದಿಲ್ಲದ ಹನ್ನೊಂದು ಫೋನು

ಟೈಲರ್ ಅಂಗಡಿಯ ಮೇಜಿನ ಮೇಲೆ ಸಾಲಾಗಿಟ್ಟ ಹನ್ನೊಂದು ಫೋನುಗಳಲ್ಲೂ ಅಲ್ಲೇ ಕೆಲಸ ಮಾಡುವ ಹುಡುಗಿ ತಾನೇ ಬರೆದು ಹಾಡಿದ ಹಾಡೇ ಓಡುತ್ತಿತ್ತು. ಒಂದರಲ್ಲೂ ಸದ್ದಿರಲಿಲ್ಲ.

“ಈ ವಾರದ ಟಾಪ್ ಹಾಡುಗಳ ಪಟ್ಟೀಲಿ ಹದಿನಾಲ್ಕಕ್ಕೆ ಬಂತು ಕಣಮ್ಮ!” ಮಾಸ್ಟರ್ ಅಳತೆ ಟೇಪನ್ನು ಸನ್ಮಾನದ ಹಾರದಂತೆ ಕೊರಳಿಗೆ ಹಾಕಿಕೊಂಡರು. “ಮೊದಲನೇ ಸ್ಥಾನದಲ್ಲಿ ಕೂತಿರೋ ಆ ಮ್ಯೂಸಿಕ್ ಕಂಪನಿಯವರ ರೆಡಿಮೇಡ್ ಹಾಡನ್ನ ಕೆಳಗಿಳಿಸೋವರೆಗೂ ನಾನು ಬಿಡೋನಲ್ಲ. ಬೀದಿಯವರೆಲ್ಲ ಹಗಲಿಡೀ ನಿನ್ನ ಹಾಡನ್ನೇ ಓಡಿಸ್ತಿದ್ದಾರೆ.”

“ಕೇಳ್ತಿದ್ದಾರಾ, ಮಾಸ್ಟರ್?” ಗುಂಡಿ ಹೊಲಿಯುತ್ತಿದ್ದವಳು ತಲೆಯೆತ್ತಿದಳು.

“ಎಲ್ರೂ ಕೇಳ್ತಾ ಕೂತ್ರೆ ಕೆಲಸ ಯಾರು ಮಾಡ್ತಾರೆ? ಓಡಿದ್ರೆ ಸಾಕು, ಎಣಿಕೆಗೆ ಬರುತ್ತೆ.” ಮಾಸ್ಟರ್ ಹೊಲಿಗೆ ಯಂತ್ರದ ಮುಂದೆ ಕೂತರು. ಪಕ್ಕದಂಗಡಿಯ ಸ್ಪೀಕರಿನಿಂದ ಆ ಕಂಪನಿ ಹಾಡು ಕೇಳಿಬರುತ್ತಿತ್ತು. ಅವರ ಕಾಲು ಅದರ ತಾಳಕ್ಕೇ ಪೆಡಲು ತುಳಿಯಿತು, ಬಾಯಿ ಅದನ್ನೇ ಗುನುಗಿತು.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಸೂಜಿಯನ್ನು ಅಂಗಿಗೇ ಚುಚ್ಚಿಟ್ಟು ಎದ್ದವಳೇ ಒಂದು ಫೋನೆತ್ತಿ ಸದ್ದನ್ನು ಪೂರ್ತಿ ಏರಿಸಿದಳು. ಹಾಡು ಎರಡನೇ ಚರಣದಲ್ಲಿತ್ತು. ಮೂರು ವರ್ಷ ತಿದ್ದಿ ತಿದ್ದಿ ಕಟ್ಟಿದ ಆ ನಾಲ್ಕು ಸಾಲು ಮೊದಲ ಸಲ ಅಂಗಡಿಯಲ್ಲಿ ಕೇಳಿಸಿತು.

ಮಾಸ್ಟರ್ ಯಂತ್ರ ನಿಲ್ಲಿಸಿ ಗಾಬರಿಯಿಂದ ಓಡಿಬಂದರು.

“ಅಯ್ಯೋ, ಯಾವುದೋ ಬೇರೆ ಹಾಡು ಬಂದುಬಿಟ್ಟಿದೆಯಲ್ಲಮ್ಮ! ಬೇಗ ಬದಲಾಯಿಸು, ನಮ್ಮ ಹಾಡಿನ ಎಣಿಕೆ ತಪ್ಪಿಹೋಗುತ್ತೆ!”