ಕೊನೆಯ ಸಾಲಿನ ಹೆಸರು

ಮೊಣಕಾಲೂರಿ ಕುಳಿತು ಕಂಚಿನ ಫಲಕದ ಕೊನೆಯ ಸಾಲನ್ನು ಅರ್ಧ ಉಜ್ಜಿಯಾದ ಮೇಲೆಯೇ, ಅದು ತನ್ನ ಮಾವನ ಹೆಸರಲ್ಲವೆಂದು ಕ್ಲಿಯೋರಾಳ ಗಮನಕ್ಕೆ ಬಂದದ್ದು.

ಕೈಯ ತಪ್ಪಲ್ಲ, ಐವತ್ತು ವರ್ಷದ ರೂಢಿ. ಅಲಬಾಮಾದ ಡಾರ್ನೆಲ್ ಊರಿನ ಕೋರ್ಟಿನ ಮುಂದೆ, ಹುಲ್ಲಿನ ನಡುವೆ, ಕೈಬಾಂಬು ಎತ್ತಿ ನಿಂತ ಸಿಪಾಯಿಯ ಪ್ರತಿಮೆಯಿದೆ. ಅದರ ಪೀಠಕ್ಕೆ ಮೊದಲ ಮಹಾಯುದ್ಧದಲ್ಲಿ ಸತ್ತ ಊರಿನವರ ಫಲಕ. ಹಳೆಯ ಫಲಕದಲ್ಲಿ ಮೂವತ್ತೆಂಟು ಬಿಳಿಯರು ಅಕಾರಾದಿಯಾಗಿ ಸಾಲುಗಟ್ಟಿದ್ದರು. ಆಮೇಲೊಂದು ಗೆರೆ. ಗೆರೆಯ ಕೆಳಗೆ ಮೂವರು ಕರಿಯರು. ಅಲ್ಲಿ ಅಕಾರಾದಿಯ ಗೋಜಿಗೆ ಯಾರೂ ಹೋಗಿರಲಿಲ್ಲ. ಎಲ್ಲಕ್ಕಿಂತ ಕೆಳಗಿದ್ದವನು ಕ್ಲಿಯೋರಾಳ ತಾಯಿಯ ಅಣ್ಣ ಲೂಥರ್, ಫಲಕದಲ್ಲಿ ಮನೆತನದ ಹೆಸರು ಮೊದಲಾಗಿ ಅಲ್‌ಸ್ಟನ್ ಲೂಥರ್. ಕಳೆದ ಶನಿವಾರ ಬ್ಯಾಂಡು ಬಾರಿಸಿ, ಭಾಷಣ ಮಾಡಿ, ಹೊಸ ಫಲಕ ಕೂರಿಸಿದರು. ಗೆರೆಯಿಲ್ಲ; ನಲವತ್ತೊಂದು ಜನರೂ ಒಂದೇ ಪಟ್ಟಿಯಲ್ಲಿ, ಇಂಗ್ಲಿಷ್ ಅಕಾರಾದಿಯಾಗಿ. ಅಲ್‌ಸ್ಟನ್ ಮೊದಲಿಗನಾಗಿ ತುದಿಗೇರಿದ. ಬಿಳಿಯರಲ್ಲಿ ಕೊನೆಯವನಾಗಿದ್ದ ಯಾಂಡೆಲ್ ಎಲ್ಬರ್ಟ್ ಎರಡು ಗೇಣು ಕೆಳಗಿಳಿದು, ಹುಲ್ಲಿನ ಮಟ್ಟಕ್ಕೆ ಬಂದ.

ಲೂಥರನ ದೇಹ ಫ್ರಾನ್ಸಿನಿಂದ ಬಂದಿರಲಿಲ್ಲ. "ಮುಟ್ಟೋಕೆ ಅಂತ ನಮಗೆ ಉಳಿದಿರೋದು ಈ ಅಕ್ಷರ ಮಾತ್ರ ಕಣೇ. ಹಸಿರುಗಟ್ಟೋಕೆ ಬಿಡಬೇಡ," ಎಂದು ತಾಯಿ ಸಾಯುವಾಗ ಹೇಳಿದ್ದಳು. ಅಂದಿನಿಂದ ತಿಂಗಳ ಮೊದಲ ಸೋಮವಾರ, ಉಪ್ಪು, ವಿನಿಗರ್, ಹಿಟ್ಟು ಕಲಸಿಕೊಂಡು, ಬಕೆಟ್ಟು, ಎರಡು ಬಟ್ಟೆ ಹಿಡಿದು ಕ್ಲಿಯೋರಾ ಇಲ್ಲಿಗೆ ಬರುತ್ತಿದ್ದಳು. ಈಗ ಅವಳು ಎದ್ದು, ತುದಿಗಾಲಲ್ಲಿ ನಿಂತು, ಬಟ್ಟೆ ಹಿಡಿದ ಕೈಯನ್ನು ಮೇಲಕ್ಕೆ ಚಾಚಿದಳು. ಇನ್ನೂ ಒಂದು ಮೊಳ ಬೇಕಿತ್ತು.

"ನಿಮ್ಮವರ ಆಸೆ ಈಡೇರ್ತಲ್ಲ, ಕ್ಲಿಯೋರಾ," ಎಂಬ ದನಿ ಬೆನ್ನ ಹಿಂದೆ ಕೇಳಿತು. ಊರುಗೋಲು ಹಿಡಿದು ಹೋಬರ್ಟ್ ಯಾಂಡೆಲ್ ನಿಂತಿದ್ದ. ಆರಡಿ ಮೂರಂಗುಲದ ಆಸಾಮಿ, ಎಲ್ಬರ್ಟನ ತಮ್ಮನ ಮಗ. ಇಪ್ಪತ್ತು ವರ್ಷ ಕೌಂಟಿಯ ಆಡಳಿತ ಬೋರ್ಡಿನಲ್ಲಿ ಕೂತವನು, ಹೊಸ ಫಲಕ ಬೇಡವೆಂದು ಕೈಯೆತ್ತಿ ಸೋತವನು. "ಎಲ್ಲರ ತಲೆ ಮೇಲೆ ಕೂರಿಸಿದ್ದಾರೆ ನಿನ್ನ ಮಾವನ್ನ."

"ಕೂರಿಸಿದ್ದಾರೆ, ಮಿಸ್ಟರ್ ಯಾಂಡೆಲ್. ಇಳಿಸಿಕೊಳ್ಳೋದು ಹೇಗೆ ಅಂತ ನೋಡ್ತಿದೀನಿ."

ಅವನ ಕಣ್ಣು ಫಲಕದ ಬುಡಕ್ಕೆ ಹೋಯಿತು. "ನಮ್ಮ ದೊಡ್ಡಪ್ಪನ ಮೇಲೆ ಅದೇನು, ಒದ್ದೆ?"

"ಡ್ಯೂಕ್."

"ಯಾವ ಡ್ಯೂಕ್?"

"ಕ್ಷೌರದಂಗಡಿ ನಾಯಿ. ಏಳೂವರೆಗೆ ಬಂದು ಕಾಲೆತ್ತಿ ಹೋಗುತ್ತೆ. ಅದಕ್ಕೂ ಮುಂಚೆ ಅದರಪ್ಪ ಬರ್ತಿತ್ತು."

ಯಾಂಡೆಲ್‌ನ ಮುಖ ಕೆಂಪಗಾಯಿತು. "ಸತ್ತ ಸಿಪಾಯಿ ಮೇಲೆ? ಇದನ್ನ ಬೋರ್ಡಿಗೆ ಹೇಳೋರು ಯಾರೂ ಇಲ್ವಾ ಈ ಊರಲ್ಲಿ?"

"ಹೇಳಿದ್ದೆ, ಆ ಜಾಗದಲ್ಲಿ ನನ್ನ ಮಾವ ಇದ್ದಾಗ. ಸುತ್ತ ಮೊಳದೆತ್ತರದ ಬೇಲಿ ಹಾಕ್ಸಿ ಅಂತ ಕಾಗದ ಬರೆದಿದ್ದೆ."

"ಏನಂದ್ರು?"

"ನಾಯಿಗೆ ಓದೋಕೆ ಬರಲ್ಲ, ಬೇಕೂಂತ ಮಾಡಿದ್ದಲ್ಲ ಅಂತ ಉತ್ತರ ಬಂತು. ಕೆಳಗೆ ನಿಮ್ಮ ಸಹಿ ಇತ್ತು."

ಯಾಂಡೆಲ್ ಜೇಬಿನಿಂದ ಕರವಸ್ತ್ರ ತೆಗೆದು ಬಗ್ಗಲು ಹೋದ. ಮೊಣಕಾಲು ಲಟಕ್ಕೆಂದಿತು. ಅರ್ಧದಲ್ಲೇ ಪೀಠ ಹಿಡಿದು ನಿಂತುಬಿಟ್ಟ. ಕೆಳಗೂ ಇಳಿಯಲಾರ, ಮೇಲಕ್ಕೂ ಏಳಲಾರ. ಕ್ಲಿಯೋರಾ ತೋಳು ಹಿಡಿದು ಅವನನ್ನು ನೆಟ್ಟಗೆ ಮಾಡಿದಳು. ಮತ್ತೆ ಮೊಣಕಾಲೂರಿ, ಉಳಿದರ್ಧ ಎಲ್ಬರ್ಟನನ್ನು ಉಜ್ಜಿದಳು.

ಅವನು ಕೈ ಚಾಚಿದ. "ಆ ಇನ್ನೊಂದು ಬಟ್ಟೆ ಕೊಡಿ ಇಲ್ಲಿ," ಎಂದ. ಕೈಯೆತ್ತಿದರೆ ಅಲ್‌ಸ್ಟನ್ ಸಲೀಸಾಗಿ ಸಿಕ್ಕಿದ. "ಏನೂ ಕೊಳೆಯಿಲ್ಲ ಇಲ್ಲಿ."

"ಗೊತ್ತು. ಆದ್ರೂ ಮುಟ್ಟಿ."

ಅವನು ಅಕ್ಷರ ಅಕ್ಷರವಾಗಿ ಒರೆಸಿದ. ಕೊನೆಯ ಅಕ್ಷರದವರೆಗೂ ಕ್ಲಿಯೋರಾ ಕತ್ತೆತ್ತಿ ನೋಡಿದಳು. ಬಟ್ಟೆ ಹಿಂದಕ್ಕೆ ಬಂದಾಗ ಅದನ್ನು ಬಕೆಟ್ಟಿಗೆ ಹಾಕದೆ, ಮಡಿಸಿ, ಕೈಚೀಲದೊಳಗಿಟ್ಟಳು.

"ನಾಳೆ ಬರ್ತೀರಾ?" ಯಾಂಡೆಲ್ ಬುಡದ ಸಾಲನ್ನೇ ನೋಡುತ್ತ ಕೇಳಿದ.

"ನಾನು ತಿಂಗಳಿಗೊಂದು ಸಲ ಬರೋದು, ಮಿಸ್ಟರ್ ಯಾಂಡೆಲ್," ಎಂದಳು ಕ್ಲಿಯೋರಾ, ಬಕೆಟ್ಟು ಎತ್ತಿಕೊಳ್ಳುತ್ತ. "ಡ್ಯೂಕ್ ದಿನಾ ಬರುತ್ತೆ."