ಕುಸುಮಕ್ಕನಿಗೆ ಹಿಡಿಸುವ ದೋಸೆ

"ಬಂದೇ ಬಿಟ್ರು" ಎಂದು ಪುಷ್ಪರಾಜ ಕಿಟಕಿಯಿಂದ ತಲೆ ಒಳಗೆಳೆದುಕೊಂಡಾಗ, ಮೊದಲ ನೀರುದೋಸೆ ಕಾವಲಿ ಬಿಟ್ಟು ಏಳಲು ಒಪ್ಪುತ್ತಿರಲಿಲ್ಲ.

ಹುಡುಗನ ಕಡೆಯವರು ಹೇಳಿದ್ದು ಮಧ್ಯಾಹ್ನ. ಬಂದದ್ದು ತಿಂಡಿಯ ಹೊತ್ತಿಗೆ. ಇದರ ಅರ್ಥ ಸುಗಂಧಿಗೆ ಗೊತ್ತಿತ್ತು. ಕುಸುಮಕ್ಕ ಸಂಬಂಧ ನೋಡಲು ಬರುವುದಿಲ್ಲ, ದೋಸೆ ನೋಡಲು ಬರುತ್ತಾಳೆ ಎಂದು ಮೂಲ್ಕಿಯಿಂದ ಕಾಪುವಿನವರೆಗೂ ಮಾತಿತ್ತು. ಪಡುಬಿದ್ರಿ ಕಡೆಯ ಒಂದು ಮನೆಯಲ್ಲಿ ಜಾತಿ, ಕುಲದ ಬಳಿ, ಮನೆತನ ಎಲ್ಲ ಕೂಡಿಬಂದಿತ್ತಂತೆ. ದೋಸೆ ಮಾತ್ರ ದಪ್ಪ. ಕೈ ತೊಳೆಯಲು ಎದ್ದವಳು ಹಾಗೆಯೇ ರಿಕ್ಷಾ ಹತ್ತಿದ್ದಳು.

"ಎಂಥ, ಏಳ್ತಾ ಉಂಟಾ?" ಎಂದ ಪುಷ್ಪರಾಜ.

"ಹರೀತಾ ಉಂಟು. ಇದನ್ನು ನೀನು ತಿಂದು ಮುಗಿಸು. ಅವರ ಕಣ್ಣಿಗೆ ಬೀಳುದು ಬೇಡ."

ಮಗ ಸಾಕ್ಷಿಯನ್ನು ಬಾಯಿಗೆ ಹಾಕಿಕೊಂಡ. ಈ ಮದುವೆ ಕುದುರುವುದು ಎಲ್ಲರಿಗಿಂತ ಅವನಿಗೇ ಹೆಚ್ಚು ಬೇಕಾಗಿತ್ತು. ಅವನಿಗೆ ನೋಡಿದ ಹುಡುಗಿಯರೆಲ್ಲ ಒಂದಲ್ಲ ಒಂದು ನೆವದಲ್ಲಿ ಕೈತಪ್ಪಿದ ಮೇಲೆ ಜೋಯಿಸರ ಹತ್ತಿರ ಹೋದರೆ, ಅವರು ಕವಡೆ ಸರಿಸಿ ಒಂದೇ ಮಾತು ಹೇಳಿದ್ದರು: ಅಕ್ಕನದ್ದು ಆಗದೆ ತಮ್ಮನದ್ದು ಆಗುವುದಿಲ್ಲ.

"ಅಕ್ಕನಿಗೆ ಗಂಡು ಸಿಗುವಷ್ಟರಲ್ಲಿ ನನ್ನ ತಲೆ ಬೋಳಾಗಿ ಮುಂಡಾಸು ನಿಲ್ಲುದಿಲ್ಲ ಅಮ್ಮ."

"ಅವಳ ಬಗ್ಗೆ ಹಾಗೆಲ್ಲ ಮಾತಾಡ್ಬೇಡ ಮಾರಾಯ. ಅವಳಿಗೆ ಕೇಳಿಸ್ತದೆ."

ಸುಗಂಧಿ ಹಿಟ್ಟಿಗೆ ಇನ್ನೊಂದು ಚೊಂಬು ನೀರು ಹೊಯ್ದಳು. ಈ ದೋಸೆಗೆ ಉದ್ದಿಲ್ಲ, ಹುಳಿ ಬರಲೆಂದು ಕಾಯುವುದಿಲ್ಲ. ರಾತ್ರಿ ನೆನೆದ ಬೆಳ್ತಿಗೆ ಅಕ್ಕಿ, ಒಂದು ಹಿಡಿ ತೆಂಗಿನತುರಿ, ಉಪ್ಪು, ಅಷ್ಟೇ. ಸುಲಭವೆಂದು ಹೇಳುವವರು ಕುಸುಮಕ್ಕನಿಗೆ ಬಡಿಸಿದವರಲ್ಲ.

ಜಗಲಿಯಲ್ಲಿ ಸಂಬಂಧ ತಂದ ದೂಮಣ್ಣ ಆಗಲೇ ಶುರು ಮಾಡಿದ್ದ. "ಹುಡುಗನಲ್ಲಿ ಒಂದು ಕೊರೆ ಇಲ್ಲ. ಬೀಡಿ ಮುಟ್ಟಿದವನಲ್ಲ. ಹಾಲು ಬಿಟ್ಟು ಬೇರೆ ಎಂಥದ್ದೂ ಕುಡಿದವನಲ್ಲ. ದುಬಾಯಿಗೆ ಹೋಗ್ತೇನೆ ಅಂತ ಹಠ ಹಿಡಿಯುವವನೂ ಅಲ್ಲ."

ಪುಷ್ಪರಾಜನಿಗೆ ದೋಸೆ ನೆತ್ತಿಗೇರಿತು.

ಕುಸುಮಕ್ಕ ನಗಲಿಲ್ಲ. ಸಣಕಲು ಹೆಂಗಸು, ಸೆರಗನ್ನು ಸೊಂಟಕ್ಕೆ ಬಿಗಿದು ಕೂತಿದ್ದಳು. "ಸಿಟ್ಟು ಉಂಟು" ಎಂದಳು. "ಮೊದಲೇ ಹೇಳ್ತೇನೆ. ಅವನಿಗೆ ಬೇಜಾರಾದ್ರೆ ಅಡುಗೆಮನೆಯ ಪಾತ್ರೆಗಳೆಲ್ಲ ನೆಲದಲ್ಲಿ."

"ನಮ್ಮವಳೇನೂ ಕಡಿಮೆ ಇಲ್ಲ" ಎಂದಳು ಒಳಗಿನಿಂದ ಸುಗಂಧಿ. "ಕೇಳಿದ್ದು ಸಿಗದಿದ್ರೆ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ."

"ಹಾಗಾದ್ರೆ ಜೋಡಿ ಸರಿ ಉಂಟು" ಎಂದ ದೂಮಣ್ಣ. "ಆಟಿಯೊಳಗೇ ಮುಗಿಸುವ. ಈ ತಿಂಗಳು ತಪ್ಪಿದ್ರೆ ಮತ್ತೆ ಬರುವ ವರ್ಷವೇ."

ಹುಡುಗಿಯನ್ನು ಕರೆಯಿರಿ ಎಂದು ಯಾರೂ ಹೇಳಲಿಲ್ಲ. ಕರೆದದ್ದು ದೋಸೆಯನ್ನು.

ಈ ಸಲ ಹಿಟ್ಟು ಬಿದ್ದ ಕೂಡಲೇ ಕಾವಲಿಯ ಮೇಲೆಲ್ಲ ಕಣ್ಣು ಕಣ್ಣಾಗಿ ಬಿರಿಯಿತು. ಸುಗಂಧಿ ಉಸಿರು ಹಿಡಿದು ಅಂಚು ಎತ್ತಿದಳು. ಕರವಸ್ತ್ರದ ಹಾಗೆ ಎದ್ದು ಬಂತು. ನಾಲ್ಕು ಮಡಿಕೆ ಮಾಡಿ, ಬದಿಗೆ ಕಾಯಿಬೆಲ್ಲ ಇಟ್ಟು ತಂದಳು.

ಕುಸುಮಕ್ಕ ಮಡಿಕೆ ಬಿಡಿಸಿ ದೋಸೆಯನ್ನು ಬೆಳಕಿಗೆ ಹಿಡಿದಳು. ಆಚೆ ಕಡೆ ಪುಷ್ಪರಾಜನ ಮುಖ ಕಂಡಿತು. ಒಂದು ಚೂರು ಹರಿದು ಎರಡು ಬೆರಳ ನಡುವೆ ತಿಕ್ಕಿದಳು. ಬಾಯಿಗಿಟ್ಟಳು. ಅಗಿಯಲಿಲ್ಲ. ಕಣ್ಣು ಮುಚ್ಚಿ, ನಾಲಿಗೆಯಿಂದ ಅಂಗುಳಕ್ಕೆ ಒತ್ತಿಕೊಂಡು ಸುಮ್ಮನೆ ಕೂತಳು.

ಇದೆಂಥ ಕೊಬ್ಬು ಎಂದುಕೊಂಡಳು ಸುಗಂಧಿ. ಹಲ್ಲು ತಾಗಿಸುವಷ್ಟೂ ಯೋಗ್ಯತೆ ಇಲ್ಲವೇ ನನ್ನ ದೋಸೆಗೆ? ಕಾವಲಿಯಲ್ಲಿ ಇನ್ನೊಂದು ದೋಸೆ ಸೀದು ಹೋಗುವ ವಾಸನೆ ಬಂತು. ಅವಳು ಕದಲಲಿಲ್ಲ.

ಕುಸುಮಕ್ಕನ ಗಂಟಲು ಒಮ್ಮೆ ಅಲುಗಿತು.

"ಕರಗ್ತದೆ" ಎಂದಳು. "ಆಯ್ತು ಸುಗಂಧಿಯವರೇ. ನಿಮ್ಮ ಮಗಳು ಇನ್ನು ನಮ್ಮವಳು."

ದೂಮಣ್ಣ ಬೆವರು ಒರೆಸಿಕೊಂಡ. ಪುಷ್ಪರಾಜ ತನಗರಿವಿಲ್ಲದೆ ತಲೆಗೂದಲು ಸರಿ ಮಾಡಿಕೊಂಡ. ಸುಗಂಧಿ ಒಳಗೆ ಹೋಗಿ, ಬಿಸಿ ಬಿಸಿಯಾಗಿ ಇನ್ನಷ್ಟು ಹೊಯ್ದು, ನಡುಕೋಣೆಯಲ್ಲಿ ಎರಡು ಬಾಳೆಲೆ ಅಕ್ಕಪಕ್ಕ ಹಾಸಿ ಬಡಿಸಿದಳು. ದೀಪ ಸಣ್ಣದು ಮಾಡಿ ಹೊರಗೆ ಬಂದು ಬಾಗಿಲು ಎಳೆದುಕೊಂಡಳು. ಹೊಸ ಜೋಡಿ ಉಣ್ಣುವಾಗ ಇಣುಕಬಾರದು.

"ಅಲ್ಲ ಕುಸುಮಕ್ಕ" ಎಂದ ದೂಮಣ್ಣ, ಈಗ ಧೈರ್ಯ ಬಂದು. "ಒಂದು ದೋಸೆಗಾಗಿ ಆ ಪಡುಬಿದ್ರಿಯವರ ಸಂಬಂಧ ಬಿಟ್ರಲ್ಲ. ಅವರೂ ಪಾಪ, ಹೆರಿಗೆಯಲ್ಲೇ ಮಗುವನ್ನು ಕಳಕೊಂಡವರು, ಈ ಸುಗಂಧಕ್ಕನ ಹಾಗೆಯೇ."

"ನಮ್ಮವ ಸಾಯುವಾಗ ಒಂದು ಹಲ್ಲೂ ಬಂದಿರ್ಲಿಲ್ಲ, ದೂಮಣ್ಣ. ಅಂಥ ದಪ್ಪ ದೋಸೆಯನ್ನು ಮಾವನ ಮನೆಯಲ್ಲಿ ಅವ ಹೇಗೆ ತಿನ್ನುದು?"

ಸುಗಂಧಿ ಅವಳ ಪಕ್ಕದಲ್ಲೇ ನೆಲಕ್ಕೆ ಕೂತಳು. ಸತ್ತ ಮಕ್ಕಳೂ ಆಚೆ ಲೋಕದಲ್ಲಿ ಬೆಳೆಯುತ್ತಾರೆ, ಪ್ರಾಯಕ್ಕೆ ಬಂದಾಗ ಮದುವೆ ಕೇಳುತ್ತಾರೆ. ಅದಕ್ಕೇ ತಾನೇ ಇಷ್ಟೆಲ್ಲ.

"ಇಷ್ಟು ವರ್ಷ ಆಯ್ತಲ್ಲ ಅಕ್ಕ" ಎಂದಳು ಮೆಲ್ಲಗೆ. "ಈಗ ಅವನಿಗೆ ಹಲ್ಲೆಲ್ಲ ಬಂದಿರ್ತದೆ."

"ಬಂದಿರಬಹುದು" ಎಂದಳು ಕುಸುಮಕ್ಕ. "ನಾನು ನೋಡ್ಲಿಲ್ಲಲ್ಲ."