ತೋಳಪ್ಪನ ಮರಿ

ಎಲ್ಲಿಗೆ ಹೊರಟಿರಿ? ಸ್ವಲ್ಪ ನಿಲ್ಲಿ, ಇದೊಂದು ಕೇಳಿಕೊಂಡೇ ಹೋಗಿ. ಮೊನ್ನೆ ಬೆಳಗಿನ ಹೊತ್ತು ದುಬಲಗುಂಡಿಯ ಗಾಯರಾಣದಲ್ಲಿ, ಊರ ದನಕುರಿ ಮೇಯುವ ಹುಲ್ಲುಗಾವಲಿನಲ್ಲಿ, ಒಂದು ಕುರಿಮರಿಯನ್ನು ನಡುವೆ ನಿಲ್ಲಿಸಿಕೊಂಡು ಮೂವರು ಜಗಳಕ್ಕೆ ಬಿದ್ದಿದ್ದರು. ಲಸಿಕೆ ಹಾಕಲು ಬಂದ ಪಶು ಸಖಿ ರತ್ನಮಾಲಾ, ಹಿಂಡಿನ ಒಡತಿ ಧೂಳಮ್ಮ, ಅವಳ ಮಗ ಅಂಬಾದಾಸ. ರತ್ನಮಾಲಾ ಇದೇ ಊರವಳು, ಕೂಲಿ ಮಾಡುವ ದ್ರೌಪತಿಯ ಮಗಳು. ಆದರೂ ಕುರಿಹಿಂಡಿನೊಳಗೆ ಕಾಲಿಟ್ಟಿದ್ದು ಈ ಕೆಲಸ ಸಿಕ್ಕಿದ ಮೇಲೆಯೇ.

ಮಂಠಾಳದ ಕಡೆ ಕುರಿಗಳಿಗೆ ಬೇನೆ ಬಂದಿತ್ತು. ಒಂದು ಮರಿ ಬಿಟ್ಟುಹೋದರೂ ಇಡೀ ಹಿಂಡಿಗೆ ಹಬ್ಬುವಂಥ ಬೇನೆ. ಸೂಜಿ ಹಾಕುವ ಮೊದಲು ಕಿವಿಗೆ ಹಳದಿ ಬಿಲ್ಲೆ ಹೊಡೆಯಬೇಕು, ಬಿಲ್ಲೆಯ ನಂಬರಿನ ಜೊತೆ ಮಾಲೀಕರ ಹೆಸರನ್ನು ಫೋನಿನಲ್ಲಿ ತುಂಬಬೇಕು. ಉಳಿದವೆಲ್ಲ ಸರಸರ ಮುಗಿದವು. ಈ ಮರಿಯ ಕಿವಿ ಮಾತ್ರ ನುಣ್ಣಗಿತ್ತು. ಹಿಂಡಿನ ಪ್ರತಿ ಕುರಿಗೂ ಇರುವ, ಕಿವಿಯಂಚು ಕೊಯ್ದು ಮಾಡುವ ಧೂಳಮ್ಮನ ಮನೆತನದ ಕಚ್ಚು ಗುರುತು ಇದಕ್ಕಿರಲಿಲ್ಲ.

“ಆಯಿ, ಇದು ಯಾರ್ದರಿ?”

“ತೋಳಪ್ಪಂದು.”

“ಯಾವ ತೋಳಪ್ಪ? ಅಡ್ಡಹೆಸರು ಹೇಳ್ರಿ, ಫೋನಿನಾಗ ಬರೀಬೇಕು.”

ಅಂಬಾದಾಸ ನಕ್ಕ. “ಅಡ್ಡಹೆಸರು ಇಲ್ರಿ ಮೇಡಂ. ನಾಕ ಕಾಲು, ಒಂದ ಬಾಲ. ಆ ದಿಬ್ಬದ ಹಿಂದ ಇರ್ತಾನ.”

ರತ್ನಮಾಲಾಳ ಬೆರಳು ಫೋನಿನ ಮೇಲೆಯೇ ನಿಂತಿತು. ಧೂಳಮ್ಮ ಮರಿಯ ಬೆನ್ನು ಸವರುತ್ತ ಹೇಳಿದಳು. “ಹೌದವ್ವ, ತೋಳಂದೇ. ಮರಿ ಹಾಕೋ ಹಂಗಾಮಿನಾಗ ಒಂದಕ್ಕ ಕಿವಿ ಕೊಯ್ಯಾಂಗಿಲ್ಲ, ಅವಂಗಂತ ಬಿಡ್ತೀವಿ. ಬ್ಯಾರೆದು ಒಯ್ದ್ರ ಬೈತೀವಿ, ನಾಯಿ ಬಿಡ್ತೀವಿ. ಇದನ್ನ ಒಯ್ದ್ರ ಸುಮ್ಮ ನಿಂತು ನೋಡ್ತೀವಿ. ಒಯ್ಲಿಲ್ಲಂದ್ರ ಹಿಂಡಿನಾಗೇ ಮುದಿ ಆಗ್ತದ. ಮಾರಾಂಗಿಲ್ಲ, ಕೊಯ್ಯಾಂಗಿಲ್ಲ.”

“ನನ್ನ ಹೆಸರು ಹಾಕಿ ಮುಗಸ್ರಿ ಮೇಡಂ,” ಎಂದ ಅಂಬಾದಾಸ. “ತೋಳ ಏನು ಬಂದು ಕೇಳ್ತದೇನು?”

“ನಿನ್ನ ಹೆಸರು ಬಿತ್ತಂದ್ರ ಬಕ್ರೀದಿಗಿ ಕುರಿ ಯಾಪಾರಿ ಅಬ್ದುಲ್ ಕರೀಮನ ಗಾಡಿ ಹತ್ತಿಸ್ತಿ. ನಿನ್ನ ಗುಣ ನನಗ ಗೊತ್ತಿಲ್ಲೇನು? ನಾ ಹಡದಾಕಿ.” ಧೂಳಮ್ಮ ಮಗನ ಕಡೆ ತಿರುಗಿಯೂ ನೋಡಲಿಲ್ಲ. “ಬಿಲ್ಲಿ ಹೊಡಿ ತಾಯಿ, ಸೂಜಿ ಹಾಕು. ಅವನ ಮರಿನೂ ಬದುಕಬೇಕು. ಹೆಸರು ಮಾತ್ರ ಅವಂದೇ ಬರಿ. ಮಂದೀದು ಬರದ್ರ ಅದು ಕಳವು ಆಗ್ತದ.”

“ತೋಳಕ್ಕ ಹಕ್ಕು ಹ್ಯಾಂಗ ಬರ್ತದ ಆಯಿ?”

“ಯಾಕ ಬರಾಂಗಿಲ್ರಿ?” ಅಂಬಾದಾಸನೇ ನಡುವೆ ಬಾಯಿ ಹಾಕಿದ. “ಎಲ್ಲೋ ಕೋರ್ಟಿನವರು ನದೀನೂ ಮನುಷ್ಯಾರಂಗ ಹಕ್ಕುದಾರಳು ಅಂದಾರಂತ. ಮೊಬೈಲಿನಾಗ ಬಂದಿತ್ತು. ನಮ್ಮವ್ವಗ ಅದೆಲ್ಲ ಗೊತ್ತಿಲ್ಲ, ಸುಮ್ಮ ಹಟ ಹಿಡೀತಾಳ.”

“ಕೋರ್ಟಿನವರು ಅಂದ್ರ ಭಾಳ ಚಲೋ ಆತು, ಅವರ ಹೊಟ್ಟಿ ತಣ್ಣಗಿರಲಿ,” ಎಂದಳು ಧೂಳಮ್ಮ. “ಆದ್ರ ಇಲ್ಲಿ ಹಕ್ಕು ನಾವು ಕೊಟ್ಟಿದ್ದಲ್ಲಪಾ. ನಮ್ಮ ಹಿರ್ಯಾರು ಹಿಂಡು ಹೊಡ್ಕೊಂಡು ಬಂದಾಗ ಅಂವ ಇಲ್ಲೇ ಇದ್ದ. ಇರ್ರಿ ಅಂತ ಜಾಗಾ ಬಿಟ್ಟ. ಹೊಲದಾಗ ಹಂದಿ ನಿಲ್ಲಲಾರ್ದಂಗ ಇಂದಿಗೂ ಓಡಾಡಾಕತ್ತಾನ. ಅಷ್ಟು ಮಾಡಿದವಂಗ ಒಂದು ಮರಿ ಅನ್ನೋದು ಹೆಚ್ಚಾತೇನು?”

ರತ್ನಮಾಲಾ ತಲೆಯೆತ್ತಿ ನೋಡಿದಳು. ಗಾಯರಾಣದ ಅಂಚಿಗೆ ಅವಳ ಅವ್ವ ಪಾಲಿಗೆ ಹಿಡಿದ ತೊಗರಿ ಹೊಲ. ಸುತ್ತಲ ಊರುಗಳಲ್ಲಿ ಹಂದಿಯ ಕಾಟಕ್ಕೆ ಜನ ರಾತ್ರಿಯಿಡೀ ಡಬ್ಬ ಬಡಿಯುತ್ತಾರೆ. ಅವ್ವ ಮಾತ್ರ ಬೇಲಿಯಿಲ್ಲದ ಆ ಹೊಲವನ್ನು ಬಿಟ್ಟು ಮನೆಯಲ್ಲಿ ಕಣ್ತುಂಬ ನಿದ್ದೆ ಮಾಡಿದವಳು. ದೇವರು ಕಾಯುತ್ತಿದ್ದಾನೆ ಎಂದು ದಿನಾ ಕೈ ಮುಗಿದವಳು. ಆ ತೊಗರಿಯಲ್ಲೇ ರತ್ನಮಾಲಾ ಉಂಡಿದ್ದಳು, ಓದಿದ್ದಳು. ಕಾಯುತ್ತಿದ್ದವನ ಹೆಸರು ಇವತ್ತು ಗೊತ್ತಾಯಿತು. ಬಿಲ್ಲೆ ಹೊಡೆದಳು. ಸೂಜಿ ಹಾಕಿದಳು. ಮಾಲೀಕರ ಹೆಸರು ಎಂಬಲ್ಲಿ ‘ತೋಳಪ್ಪ’ ಎಂದೂ ಊರು ಎಂಬಲ್ಲಿ ‘ದುಬಲಗುಂಡಿ’ ಎಂದೂ ಬರೆದಳು. ಫೋನು ಮಾಲೀಕರ ಮೊಬೈಲ್ ನಂಬರ್ ಕೇಳಿತು.

“ಅವನ ಬಲ್ಲಿ ಫೋನಿಲ್ರಿ, ಕೂಗ್ತಾನ ಅಷ್ಟೇ,” ಎಂದ ಅಂಬಾದಾಸ.

ಅವಳು ತನ್ನ ನಂಬರನ್ನೇ ಕೊಟ್ಟಳು. ಆ ಕ್ಷಣವೇ ಅವಳ ಫೋನು ಸದ್ದು ಮಾಡಿತು: ‘ಮಾನ್ಯ ತೋಳಪ್ಪ ಅವರೇ, ನಿಮ್ಮ ಕುರಿಗೆ ಲಸಿಕೆ ಹಾಕಲಾಗಿದೆ. ಸಹಕರಿಸಿದ್ದಕ್ಕೆ ಧನ್ಯವಾದಗಳು.’ ಓದಿ ಹೇಳಿದಾಗ ಧೂಳಮ್ಮ ದಿಬ್ಬದ ಕಡೆ ಮುಖ ಮಾಡಿ ಕೈ ಮುಗಿದಳು. ಅಂಬಾದಾಸನ ನಗುವೂ ನಿಂತಿತ್ತು.

ಮರುದಿನ ಮೇಲಿನ ಸಾಹೇಬರ ಫೋನು ಬಂತು. “ಏನವ್ವ, ದುಬಲಗುಂಡಿಯೊಳಗ ತೋಳಪ್ಪ ಅನ್ನಾಂವ ಯಾರಿದ್ದಾನ? ಊರಾಗ ಕೇಳಿದ್ರ ಎಲ್ಲಾರೂ ದಿಬ್ಬ ತೋರಸಾಕತ್ತಾರ. ಸಂಜಿಯೊಳಗ ಮನುಷ್ಯಾಂದು ಹೆಸರು ಹಾಕು.”

“ಬದಲಿ ಮಾಡಾಕ ಮಾಲೀಕನ ಒಪ್ಪಿಗಿ ಬೇಕಲ್ರಿ ಸರ್,” ಎಂದಳು ರತ್ನಮಾಲಾ.

ಸಾಹೇಬರು ಮೆಲ್ಲಗೆ ಕೇಳಿದರು. “ನಿನಗ ಈ ನೌಕರಿ ಬೇಕೋ, ಬ್ಯಾಡೋ?”

ಹೇಳಿ, ಅವಳ ಜಾಗದಲ್ಲಿ ನೀವಿದ್ದರೆ ಅಲ್ಲಿ ಯಾರ ಹೆಸರು ಬರೆಯುತ್ತಿದ್ದಿರಿ?